ಮುಂಗಾರು ತಂತ್ರವೂ ಗಸಗಸೆ ಪಾಯಸವೂ

ನಮ್ಮ ಕಾಲೇಜಿನ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ ಒಂದು ವರ್ಷ ಸಾಲಾಗಿ ಗೆದ್ದಿತ್ತು ಎಂದರೆ ಅರಸೀಕೆರೆಯಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ. ನಂಬುವವರು ಅದರ ಕಾರಣ ಕೇಳಿ ನಗುತ್ತಾರೆ. ನಾನು ಆ ಕಾಲೇಜಿನ ಇತಿಹಾಸದ ಮೇಷ್ಟ್ರು, ಹೆಸರು ಚಿದಂಬರ. ಹೊಯ್ಸಳರು ಯಾರನ್ನು ಎಲ್ಲಿ ಸೋಲಿಸಿದರೆಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಅದರಲ್ಲಿ ಒಂದು ಯುದ್ಧವನ್ನೂ ಕಣ್ಣಾರೆ ಕಂಡವನಲ್ಲ. ಇದನ್ನು ಕಂಡಿದ್ದೇನೆ. ಪ್ರತಿ ಪಂದ್ಯಕ್ಕೆ ಮುಂಚಿನ ಊಟದ ಪಂಕ್ತಿಯಲ್ಲೂ ಕೂತಿದ್ದೇನೆ. ಆದ್ದರಿಂದ ನನ್ನ ಸಾಕ್ಷಿಯನ್ನು ನೀವು ಧಾರಾಳವಾಗಿ ನಂಬಬಹುದು.

ನಮ್ಮಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರ ಹುದ್ದೆ ಆರು ವರ್ಷದಿಂದ ಖಾಲಿ. ಹೀಗಿರುವಾಗ ವಲಯ ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ನಮ್ಮ ಕಾಲೇಜೇ ನಡೆಸಿಕೊಡಬೇಕೆಂದು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಸುತ್ತಲಿನ ನಾಲ್ಕು ಕಾಲೇಜುಗಳಲ್ಲಿ ಎರಡೂ ಕಂಬ ನೆಟ್ಟಗೆ ನಿಂತಿದ್ದ ಅಂಕಣ ನಮ್ಮದೊಂದೇ ಎನ್ನುವುದು ಅದಕ್ಕೆ ಕಾರಣ. ಪ್ರಿನ್ಸಿಪಾಲ್ ಮಧುಕುಮಾರ್ ಸ್ಟಾಫ್ ರೂಮಿಗೆ ಬಂದು ಎಲ್ಲರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣು ಭೂಗೋಳದ ಗಂಗಾಧರಯ್ಯನವರ ಮೇಲೆ ನಿಂತಿತು.

"ಗಂಗಾಧರಯ್ಯನೋರೇ, ನೀವು ಆರಡಿ ಇದೀರಿ. ಇದು ಎತ್ತರದೋರ ಆಟವಂತೆ. ತಂಡ ನೀವೇ ನೋಡ್ಕೊಳ್ಳಿ."

"ಸಾರ್, ನಾನು ಆ ಚೆಂಡನ್ನ ಮುಟ್ಟೂ ಇಲ್ಲ."

"ಮುಟ್ಟೋದು ಹುಡುಗರು. ನೀವು ನಿಂತ್ಕೊಂಡ್ರೆ ಸಾಕು."

ಗಂಗಾಧರಯ್ಯನವರು ಎಂಥವರೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ರಾತ್ರಿ ಬಾಗಿಲ ಚಿಲಕ ಹಾಕಿ, ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಎದ್ದುಬಂದು ನೋಡುವ ಮನುಷ್ಯ. ಒಮ್ಮೆ ತಿಪಟೂರಿಗೆ ಹೊರಟವರು ರೈಲು ತಪ್ಪೀತೆಂದು ಒಂದು ಗಂಟೆ ಮೊದಲೇ ಸ್ಟೇಷನ್ನಿಗೆ ಹೋಗಿ, ಆತುರದಲ್ಲಿ ಮೊದಲು ಬಂದ ರೈಲು ಹತ್ತಿ, ಕಡೂರು ನೋಡಿಕೊಂಡು ಬಂದಿದ್ದರು. ಇಂಥವರ ಕೈಗೆ ಎಂಟು ಹುಡುಗರನ್ನೂ ಒಂದು ಪೀಪಿಯನ್ನೂ ಕೊಟ್ಟರೆ ಏನಾಗಬೇಕು? ಮೂರು ದಿನ ನಿದ್ದೆಗೆಟ್ಟರು. ನಾಲ್ಕನೆಯ ದಿನ ಹುಡುಗರನ್ನು ತರಗತಿಯಲ್ಲಿ ಕೂರಿಸಿ, ಬೋರ್ಡಿನ ಮೇಲೆ ಭಾರತದ ನಕಾಶೆ ಬರೆದು ಬಾಣಗಳನ್ನು ಹಾಕಿದರು.

"ನೋಡ್ರೋ, ಮುಂಗಾರು ಹೆಂಗೆ ಬರುತ್ತೆ? ಎರಡು ಕವಲಾಗಿ. ಒಂದು ಅರಬ್ಬೀ ಸಮುದ್ರದ ಕಡೆಯಿಂದ, ಇನ್ನೊಂದು ಬಂಗಾಳ ಕೊಲ್ಲಿ ಕಡೆಯಿಂದ. ನೀವೂ ಹಂಗೇ ಎರಡು ಕವಲಾಗಿ ನುಗ್ಗಿ, ಬುಟ್ಟಿ ಹತ್ರ ಸೇರ್ಕೊಂಡು ಸುರೀಬೇಕು. ಇದಕ್ಕೆ ಮುಂಗಾರು ತಂತ್ರ ಅಂತ ಹೆಸರು."

ಹಗರೆಯಿಂದ ಬರುವ ಸುನಿಲ ಕೈಯೆತ್ತಿದ. "ಸಾರ್, ಅರ್ಧ ಆಟ ಆದ್ಮೇಲೆ ಕಡೆ ಬದಲಾಯಿಸ್ತಾರಲ್ಲ, ಆಗ ಮುಂಗಾರು ಎಲ್ಲಿಂದ ಬರ್ತದೆ?"

ಗಂಗಾಧರಯ್ಯನವರು ಬಾಣಗಳನ್ನು ಅಳಿಸಿ ತಿರುಗಿಸಿ ಹಾಕಿದರು. "ಆಗ ಹಿಂಗಾರು ಕಣೋ," ಎಂದರು.

ತಂಡದ ನಾಯಕ ರಾಹುಲ್ ಹಳೇಬೀಡು ಪಕ್ಕದ ಬಸ್ತಿಹಳ್ಳಿಯವನು. ದಿನಾ ಬಸ್ಸಿನಲ್ಲಿ ಬಂದುಹೋಗುವ ಉದ್ದನೆಯ, ಮಾತು ಕಡಿಮೆಯ ಹುಡುಗ. ಹೊರಗೆ ಬಂದು ಗೆಳೆಯರಿಗೆ ಇಷ್ಟೇ ಹೇಳಿದ: "ಸಾರ್ ಹೇಳಿದ್ದು ಹೇಳ್ಲಿ. ನಾವು ಚೆಂಡು ಹಾಕೋಣ ಬನ್ರೋ."

ಮೊದಲ ಪಂದ್ಯ ಹಳೇಬೀಡಿನಿಂದ ಬಂದ ತಂಡದ ಮೇಲೆ. ಆಟ ಮಧ್ಯಾಹ್ನ ಎರಡಕ್ಕೆ. ಬರುವ ತಂಡಕ್ಕೆ ಎರಡೆರಡು ಬಾಳೆಹಣ್ಣು, ಒಂದೊಂದು ಬಿಸ್ಕತ್ ಪೊಟ್ಟಣ ಕೊಡುವುದೆಂದು ಕಾಲೇಜಿನಲ್ಲಿ ತೀರ್ಮಾನವಾಗಿತ್ತು. ಗಂಗಾಧರಯ್ಯನವರ ಮನೆ ಅಂಕಣದ ಹಿಂದೆಯೇ, ತೆಂಗಿನ ತೋಟಕ್ಕೆ ಮುಂಚೆ. ಈ ತೀರ್ಮಾನ ಕಾಂಪೌಂಡ್ ದಾಟಿ ಅವರ ಹೆಂಡತಿ ವಿಶಾಲಮ್ಮನವರ ಕಿವಿಗೆ ಬಿತ್ತು.

"ಅಲ್ಲಾರೀ, ಬೆಳಗಾಗೆದ್ದು ಬಸ್ ಹತ್ತಿ ಬರೋ ಮಕ್ಳಿಗೆ ಬಾಳೆಹಣ್ಣು ಕೊಟ್ಟು ಆಡ್ಸಿ ಕಳಿಸ್ತೀರಾ? ನಮ್ಮ ಮನೆ ಹಿಂದ್ಲಲ್ಲಿ? ನಾಚ್ಕೆ ಆಗಲ್ವಾ?"

"ಅದು ಪಂದ್ಯ ಕಣೇ, ಬೀಗರ ಊಟ ಅಲ್ಲ."

"ಯಾರಾದ್ರೇನು, ಹೊಟ್ಟೆ ಒಂದೇ ಅಲ್ವಾ?"

ವಿಶಾಲಮ್ಮನವರ ಕೈಯಡುಗೆ ಎಂದರೆ ಊರಿಗೆ ಊರೇ ತಲೆದೂಗುತ್ತದೆ. ಮಠದ ವರ್ಷದ ದಾಸೋಹದಲ್ಲಿ ಹೋಳಿಗೆಯ ಒಲೆ ಹದಿನೆಂಟು ವರ್ಷದಿಂದ ಅವರದೇ. ಅಂಥವರು ಮನಸ್ಸು ಮಾಡಿದ ಮೇಲೆ ಕೇಳಬೇಕೆ? ಹನ್ನೆರಡೂವರೆಗೆ ಅವರ ಮನೆಯ ಉದ್ದನೆಯ ಜಗಲಿಯಲ್ಲಿ ಎಲೆ ಬಿತ್ತು. ಕೋಸಂಬರಿ, ಎರಡು ಪಲ್ಯ, ಮಾವಿನಕಾಯಿ ಚಿತ್ರಾನ್ನ, ಬೋಂಡ, ಹೋಳಿಗೆ, ಅದರ ಮೇಲೆ ಹಸುವಿನ ತುಪ್ಪ, ತುಪ್ಪ ಬೇಡವೆಂದವರಿಗೆ ಕಾಯಿಹಾಲು, ಎರಡೂ ಬೇಡವೆಂದವರಿಗೆ ಎರಡೂ. ಹೋಳಿಗೆ ಸಾರು, ಅನ್ನ, ಕೊನೆಗೆ ಲೋಟ ತುಂಬಾ ಗಸಗಸೆ ಪಾಯಸ. ಬಡಿಸಿದವರು ನಮ್ಮ ತಂಡದ ಎಂಟು ಹುಡುಗರು. ನೆಂಟರು ಉಂಡೇಳುವ ತನಕ ಮನೆಯವರು ಎಲೆಯ ಮುಂದೆ ಕೂರುವುದುಂಟೆ? ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ನಾನೂ ಮನೆಯವನೇ, ಆದರೆ ಅತಿಥಿಗಳಿಗೆ ಸಂಕೋಚವಾಗದಿರಲೆಂದು ಅವರ ಜೊತೆ ಕೂತೆ.

ಹಳೇಬೀಡಿನ ಹುಡುಗರು ಸಾಕು ಎಂದಾಗಲೆಲ್ಲ ವಿಶಾಲಮ್ಮ ಹಿಂದೆ ನಿಂತು, "ಇದೇನ್ಲಾ ಮಗ, ಕೋಳಿ ಕೆದಕಿದಂಗೆ ಉಣ್ತೀಯಾ, ಇನ್ನೊಂದು ಹಾಕ್ಸ್ಕೋ," ಎನ್ನುತ್ತಿದ್ದರು. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಕೈ ಸಂದಿಯಲ್ಲಿ ಬಿತ್ತು. ಅವರು ಎದ್ದಾಗ ಒಂದೂ ಮುಕ್ಕಾಲು. ನಮ್ಮ ಹುಡುಗರಿಗೆ ಉಣ್ಣಲು ಹೊತ್ತೆಲ್ಲಿ? ನಿಂತುಕೊಂಡೇ ಒಂದೊಂದು ಲೋಟ ಮಜ್ಜಿಗೆ ಕುಡಿದು ಅಂಕಣಕ್ಕೆ ಓಡಿದರು.

ಆ ಪಂದ್ಯವನ್ನು ವರ್ಣಿಸುವುದು ಕಷ್ಟ. ಹಳೇಬೀಡಿನ ಗುಡಿಯ ಗೋಡೆಯ ಮೇಲಿನ ಮೂರ್ತಿಗಳಾದರೂ ಒಂದು ಕಾಲೆತ್ತಿ ಕುಣಿಯುವಂತೆ ಕಾಣುತ್ತವೆ. ಈ ಹುಡುಗರು ಅಷ್ಟೂ ಅಲ್ಲಾಡಲಿಲ್ಲ. ಒಬ್ಬ ಹಾರಲು ಹೋಗಿ, ಹಾರದೆ, ನಿಂತಲ್ಲೇ ತೇಗಿದ. ಮೂವತ್ತೊಂದಕ್ಕೆ ಹನ್ನೆರಡು. ಗೆದ್ದವರು ನಾವು.

ಗಂಗಾಧರಯ್ಯನವರು ಕಂಬಕ್ಕೆ ಒರಗಿ ನಿಂತಿದ್ದರು. "ನೋಡಿದ್ರಾ ಚಿದಂಬರ," ಎಂದರು, "ಎರಡು ಕವಲು! ಬುಟ್ಟಿ ಹತ್ರ ಸೇರಿದ್ವು!"

ನಾನು ತಲೆಯಾಡಿಸಿದೆ. ನನಗೂ ಕಣ್ಣು ಎಳೆಯುತ್ತಿತ್ತು.

ಎರಡನೆಯ ಪಂದ್ಯಕ್ಕೂ ಅದೇ ಊಟ, ಅದೇ ಮಜ್ಜಿಗೆ, ಅದೇ ಗೆಲುವು. ಊರಿನಲ್ಲಿ ಗುಲ್ಲೆದ್ದಿತು. ಸ್ಥಳೀಯ ಪತ್ರಿಕೆಯ ವರದಿಗಾರ ಬಂದು ಗೆಲುವಿನ ಗುಟ್ಟು ಕೇಳಿದ. ಗಂಗಾಧರಯ್ಯನವರು ಅವನಿಗೆ ಅರ್ಧ ಗಂಟೆ ಮಾರುತಗಳ ಪಾಠ ಮಾಡಿದರು. ಮರುದಿನ 'ಮುಂಗಾರು ತಂತ್ರದ ರೂವಾರಿ' ಎಂದು ಅವರ ಫೋಟೋ ಬಂತು. ಪೇಟೆಯಲ್ಲಿ ದಿನಸಿ ಅಂಗಡಿಯ ಚನ್ನೇಶ್ ಅದನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದ. ಗಂಗಾಧರಯ್ಯನವರ ನಡಿಗೆ ಬದಲಾಯಿತು. ಮೊದಲು ನೆಲ ನೋಡಿಕೊಂಡು ನಡೆಯುತ್ತಿದ್ದವರು ಈಗ ಮೋಡ ನೋಡಿಕೊಂಡು ನಡೆಯತೊಡಗಿದರು. ಎರಡು ಸಲ ಚರಂಡಿಗೆ ಕಾಲಿಟ್ಟರು.

ಮೂರನೆಯ ಪಂದ್ಯ ಬೇಲೂರಿನ ನಂದಾದೀಪ ಕಾಲೇಜಿನ ಮೇಲೆ. ಇದು ನಿಜವಾದ ತಂಡ. ಹುಡುಗರಿಗೆಲ್ಲ ಒಂದೇ ಬಣ್ಣದ ಬೂಟು. ಅವರ ತರಬೇತುದಾರ ಷಡಕ್ಷರಪ್ಪನವರು ಮೂವತ್ತು ವರ್ಷ ಆಟ ಆಡಿಸಿದವರು. ಬಸ್ಸಿನಿಂದ ಇಳಿಯುವಾಗಲೇ ಪೀಪಿ ಬಾಯಲ್ಲಿತ್ತು. ಊಟ ಬೇಡವೆಂದರು. ವಿಶಾಲಮ್ಮ ಬಾಗಿಲಿಗೆ ಬಂದು, "ಮಠದ ಭಕ್ತರು ನೀವು, ನಮ್ಮ ಮನೇಲಿ ಉಣ್ದೆ ಹೋದ್ರೆ ಹೆಂಗಣ್ಣಾ?" ಎಂದರು. ಅಣ್ಣಾ ಎಂದ ಮೇಲೆ ಏನು ಮಾಡುತ್ತಾರೆ? ಕೂತರು. ಆರು ಹೋಳಿಗೆ, ಮೂರು ಲೋಟ ಪಾಯಸ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಷಡಕ್ಷರಪ್ಪನವರು ಕುರ್ಚಿಯಲ್ಲಿ ಕೂತಂತೆಯೇ ನಿದ್ದೆ ಹೋದರು. ಪೀಪಿ ಬಾಯಲ್ಲೇ ಇತ್ತು. ಅವರು ಉಸಿರು ಬಿಟ್ಟಾಗಲೆಲ್ಲ ಅದು ಸಣ್ಣಗೆ ಕೂಗುತ್ತಿತ್ತು; ಅದು ಕೂಗಿದಾಗಲೆಲ್ಲ ಅವರ ಹುಡುಗರು ಫೌಲ್ ಎಂದುಕೊಂಡು ನಿಲ್ಲುತ್ತಿದ್ದರು. ನಲವತ್ತಕ್ಕೆ ಹದಿನೆಂಟು. ಷಡಕ್ಷರಪ್ಪನವರು ಎಚ್ಚೆತ್ತಾಗ ಅವರ ಹುಡುಗರು ಬೂಟು ಬಿಚ್ಚುತ್ತಿದ್ದರು. ಅವರು ಸುತ್ತ ಕಣ್ಣಾಡಿಸಿದರು. ಜಗಲಿಯಲ್ಲಿ ನಮ್ಮ ಹುಡುಗರು ಆಗ ತಾನೇ ಎಲೆ ಹಾಕಿಕೊಂಡು ಕೂರುತ್ತಿದ್ದರು. ಷಡಕ್ಷರಪ್ಪನವರು ಅದನ್ನೇ ನೋಡುತ್ತ ನಿಂತದ್ದು ನನಗೆ ಸರಿಕಾಣಲಿಲ್ಲ.

ಒಂದು ವಾರಕ್ಕೆ, ಷಡಕ್ಷರಪ್ಪನವರು ವಿಶ್ವವಿದ್ಯಾಲಯಕ್ಕೆ ಕೊಟ್ಟ ದೂರಿನ ಕಾಗದ ಬಂತು. ಪ್ರಿನ್ಸಿಪಾಲ್ ಮಧುಕುಮಾರ್ ಬಾಗಿಲು ಹಾಕಿಕೊಂಡು ನನಗೂ ಗಂಗಾಧರಯ್ಯನವರಿಗೂ ಓದಿದರು.

"ಆತಿಥೇಯ ಕಾಲೇಜಿನವರು ಪಂದ್ಯಕ್ಕೆ ಮುಂಚೆ ಎದುರಾಳಿಗಳಿಗೆ ಉಣಬಡಿಸುವ ಆಹಾರದಲ್ಲಿ ಅಮಲು ಬರಿಸುವ ಪದಾರ್ಥವಿರುವುದಾಗಿ ಬಲವಾದ ಅನುಮಾನವಿದೆ. ಮೂರು ತಂಡಗಳೂ ಊಟವಾದ ಮೇಲೆ ಒಂದೇ ರೀತಿ ಮಂಪರಿಗೆ ಒಳಗಾಗಿವೆ. ಸದರಿ ಊಟದ ಪಾಯಸಕ್ಕೆ ಬಳಸುವ ಗಸಗಸೆಯು ಅಫೀಮಿನ ಗಿಡದ ಬೀಜವೆಂದು ತಿಳಿದುಬಂದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆತಿಥೇಯ ತಂಡದ ಒಬ್ಬ ಆಟಗಾರನೂ ಪಂದ್ಯ ಮುಗಿಯುವ ತನಕ ಆ ಊಟವನ್ನು ಮುಟ್ಟುವುದಿಲ್ಲ. ಏಕೆ?"

ಆ 'ಏಕೆ' ಕೆಳಗೆ ಎರಡು ಗೆರೆ ಎಳೆದಿತ್ತು.

"ಹುಡುಗರು ಏಕೆ ಮುಟ್ಟಲಿಲ್ಲ?" ಮಧುಕುಮಾರ್ ಪಿಸುಗುಟ್ಟಿದರು.

"ನೆಂಟರು ಉಣ್ಣೋ ಮುಂಚೆ ಹೆಂಗೆ ಸಾರ್..." ಎಂದರು ಗಂಗಾಧರಯ್ಯ.

"ಅದನ್ನ ಬರವಣಿಗೇಲಿ ಹೆಂಗ್ರೀ ಕೊಡೋದು?"

ಇಂಥ ಮಾತು ಊರಿನಲ್ಲಿ ನಿಲ್ಲುತ್ತದೆಯೇ? ಸಂಜೆಯೊಳಗೆ ಮನೆಮನೆಗೆ ಹೋಯಿತು. ಚನ್ನೇಶ್ ಅಂಗಡಿಯ ಗಸಗಸೆ ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟು, ಗಲ್ಲಾಪೆಟ್ಟಿಗೆಯ ಹಿಂದಿನ ಫೋಟೋ ಕಿತ್ತ. ಎರಡು ಸೇರು ಗಸಗಸೆ ಯಾರು ತಗೊಂಡರೆಂದು ಪೊಲೀಸರು ಕೇಳಿದರೆ ಏನು ಹೇಳಲಿ ಎಂದು ನನ್ನನ್ನು ಅಡ್ಡಗಟ್ಟಿದ. ಯಾವ ಪೊಲೀಸರೂ ಕೇಳಿರಲಿಲ್ಲ. ಪಕ್ಕದ ಮನೆಯ ಲತಾಮಣಿ ಹಿಂದಿನ ದಿನ ಇಸಿದುಕೊಂಡಿದ್ದ ಸಾರಿನ ಬಟ್ಟಲನ್ನು ಸಾರಿನ ಸಮೇತ ವಾಪಸು ತಂದು ಜಗಲಿಯಲ್ಲಿಟ್ಟು, "ನಮ್ಮನೇಲಿ ಯಾರಿಗೂ ಹಸಿವಿಲ್ಲ ಅಕ್ಕ," ಎಂದು ಓಡಿಹೋದಳು.

ವಿಶಾಲಮ್ಮ ಇದನ್ನೆಲ್ಲ ನಕ್ಕು ಕಳೆದರು. ಮೂರನೆಯ ದಿನ ಮಠದಿಂದ ಒಬ್ಬರು ಬಂದರು. ಬಾಗಿಲಲ್ಲೇ ನಿಂತು, ನೀರೂ ಕುಡಿಯದೆ, "ಈ ವರ್ಷ ದಾಸೋಹದ ಹೋಳಿಗೆ ಒಲೇನ ಬೇರೆಯೋರು ನೋಡ್ಕೋತಾರೆ. ನೀವು ಸುಧಾರಿಸ್ಕಳಿ ತಾಯಿ," ಎಂದು ಹೇಳಿ ಹೋದರು.

ಅವತ್ತು ಸಂಜೆ ನಾನು ಹೋದಾಗ ಒಲೆ ತಣ್ಣಗಿತ್ತು. ವಿಶಾಲಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಗಂಗಾಧರಯ್ಯನವರು ಅವಲಕ್ಕಿ ನೆನೆಸಲು ಹೋಗಿ ಅರ್ಧ ಕೊಡ ನೀರು ಸುರಿದಿದ್ದರು.

"ಹದ್ನೆಂಟು ವರ್ಷ," ಎಂದರು ವಿಶಾಲಮ್ಮ ಕೊನೆಗೆ. "ನನ್ನ ಕೈಲಿ ಉಂಡೋರು ಒಬ್ರು ಹೊಟ್ಟೆನೋವು ಅಂದಿಲ್ಲ. ಇನ್ನು ಯಾರ ಮುಂದೆ ಎಲೆ ಹಾಕ್ಲಿ ಚಿದಂಬರಣ್ಣ?"

ಮೂರು ಪಂಕ್ತಿಯಲ್ಲಿ ಉಂಡವನು ನಾನು. ಪಾಯಸದಲ್ಲಿ ಅಫೀಮಿದ್ದರೆ ಎಲ್ಲರಿಗಿಂತ ಮೊದಲು ನನ್ನನ್ನು ಹಿಡಿಯಬೇಕಿತ್ತು.

ನಾಲ್ಕು ತಂಡಗಳಲ್ಲಿ ಮೊದಲ ಎರಡು ನಾವು ಮತ್ತು ನಂದಾದೀಪ. ಫೈನಲ್ ಮತ್ತೆ ಅವರ ಮೇಲೇ, ಮತ್ತೆ ನಮ್ಮ ಅಂಕಣದಲ್ಲೇ. ಅದೇ ದಿನ ಬೆಳಗ್ಗೆ ವಿಚಾರಣೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಿಂದ ಉಮೇಶ್ ಎನ್ನುವವರು ಗೆದ್ದವರಿಗೆ ಕೊಡುವ ಕಪ್ಪನ್ನೂ ದೂರಿನ ಫೈಲನ್ನೂ ಒಂದೇ ಕಾರಿನಲ್ಲಿ ತಂದರು. ಗಂಗಾಧರಯ್ಯನವರ ಜಗಲಿಯಲ್ಲೇ ಮೇಜು ಹಾಕಿಸಿದರು. ಕಂಬಕ್ಕೊರಗಿ ಷಡಕ್ಷರಪ್ಪ, ಬಾಗಿಲ ಮರೆಯಲ್ಲಿ ವಿಶಾಲಮ್ಮ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಯಾರೂ ಉಣ್ಣುವುದಿಲ್ಲವೆಂದು ಗೊತ್ತಿದ್ದೂ ಆಕೆ ನಾಲ್ಕು ಗಂಟೆಗೇ ಎದ್ದು ಒಲೆ ಹಚ್ಚಿದ್ದರು. ಕೇಳಿದರೆ, "ಬರೋರು ಬತ್ತಾರಲ್ಲ, ನಾನೇನು ಮಾಡ್ಲಿ," ಎಂದರು.

ಉಮೇಶ್ ಮೊದಲು ರಾಹುಲ್‌ನನ್ನು ಕರೆದರು.

"ಪಂದ್ಯದ ಮುಂಚೆ ನೀನು ಊಟ ಮಾಡಿದ್ಯಾ?"

"ಇಲ್ಲ ಸಾರ್."

"ಹಸಿವಿರಲಿಲ್ವಾ?"

"ಇತ್ತು ಸಾರ್. ಜೀವ ಹೋಗೋಷ್ಟಿತ್ತು."

"ಮತ್ತೆ ಯಾಕೆ ತಿನ್ಲಿಲ್ಲ?"

"ನೆಂಟ್ರು ಉಣ್ದೆ ನಾವು ಹೆಂಗ್ ಸಾರ್ ಉಣ್ಣಾದು?"

ಉಮೇಶ್ ಬರೆದುಕೊಂಡರು. ಬರೆದದ್ದನ್ನು ನಾನು ಕತ್ತು ಚಾಚಿ ನೋಡಿದೆ: 'ಸಮಂಜಸ ಉತ್ತರ ನೀಡಲಿಲ್ಲ.'

ಮುಂದೆ ಗಂಗಾಧರಯ್ಯನವರು. ಅವರು ನಕಾಶೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. "ಸಾರ್, ನಾವು ಗೆದ್ದದ್ದು ಊಟದಿಂದ ಅಲ್ಲ. ಮುಂಗಾರು ತಂತ್ರದಿಂದ," ಎಂದು ಬಿಚ್ಚತೊಡಗಿದರು.

"ಹಂಗಾದ್ರೆ ಎದುರಾಳಿಗಳು ನಿದ್ದೆ ಮಾಡಿದ್ದು ಯಾಕೆ?" ಎಂದರು ಉಮೇಶ್. "ಮುಂಗಾರು ಬಂದ್ರೆ ನಿದ್ದೆ ಬರುತ್ತಾ? ಮೂರೂ ತಂಡ ಬಲವಾಗೇ ಇದ್ವು. ತಂತ್ರದಿಂದ ಗೆದ್ದಿದ್ರೆ ಅವರು ಓಡಾಡಿ ಸೋಲ್ತಿದ್ರು. ನಿಂತು ಸೋತಿದಾರೆ ಅಂದ್ರೆ ಊಟದಲ್ಲಿ ಏನೋ ಬೆರೆಸಿರಬೇಕು."

ಗಂಗಾಧರಯ್ಯನವರ ಕೈ ನಕಾಶೆಯ ಮೇಲೆ ನಿಂತಿತು. ಅವರು ಬಾಗಿಲ ಕಡೆ ನೋಡಿದರು. ವಿಶಾಲಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಜೀವಮಾನದಲ್ಲಿ ಒಮ್ಮೆ ಪತ್ರಿಕೆಯಲ್ಲಿ ಫೋಟೋ ಬಂದ ಮನುಷ್ಯ ಅವರು. ಅವರು ನಕಾಶೆಯನ್ನು ನಿಧಾನವಾಗಿ ಸುತ್ತಿದರು.

"ಸಾರ್, ನನಗೆ ಬ್ಯಾಸ್ಕೆಟ್‌ಬಾಲ್ ಬರಲ್ಲ," ಎಂದರು. "ಮುಂಗಾರು ತಂತ್ರ ಅನ್ನೋದು ಯಾವುದೂ ಇಲ್ಲ. ಹುಡುಗರಿಗೆ ನೈರುತ್ಯ ಯಾವ ಕಡೆ ಅಂತಾನೂ ಗೊತ್ತಿಲ್ಲ. ಬಂದೋರು ಹೊಟ್ಟೆ ಬಿರಿಯೋ ಹಂಗೆ ಉಂಡಿದ್ರು, ಅದಕ್ಕೆ ಓಡೋಕೆ ಆಗ್ಲಿಲ್ಲ. ಅಷ್ಟೇ ಸಾರ್. ಬೆರೆಸಿದ್ದು ಏನೂ ಇಲ್ಲ. ಇವಳು ಹಾಕ್ತಾಳೆ, ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ನನಗೇ ಮೂವತ್ತು ವರ್ಷದಿಂದ ಬಂದಿಲ್ಲ."

ಹುಡುಗರು ತಲೆ ತಗ್ಗಿಸಿದರು. ಮಧುಕುಮಾರ್ ಕೆಮ್ಮಿದರು. ಉಮೇಶ್ ಪೆನ್ನಿನ ತುದಿಯನ್ನು ಹಲ್ಲಿಗೆ ತಟ್ಟುತ್ತ ಬಹಳ ಹೊತ್ತು ಯೋಚಿಸಿದರು. ಆಮೇಲೆ ತೀರ್ಪು ಕೊಟ್ಟರು.

"ಇವತ್ತು ಪಂದ್ಯ ಮುಗಿಯೋ ತನಕ ಯಾರಿಗೂ ಊಟ ಇಲ್ಲ. ಎರಡೂ ತಂಡಕ್ಕೆ ಬರೀ ನೀರು. ಅಡುಗೆಮನೆಗೆ ನಾನು ಬೀಗ ಹಾಕಿ ಸಹಿ ಮಾಡಿದ ಚೀಟಿ ಅಂಟಿಸ್ತೀನಿ. ಊಟ ಇಲ್ದೆನೂ ನೀವು ಗೆದ್ರೆ, ಊಟದಲ್ಲಿ ತಪ್ಪಿಲ್ಲ ಅಂತ ಬರೀತೀನಿ. ಸೋತ್ರೆ..."

ಸೋತರೆ ಏನೆಂದು ಅವರು ಹೇಳಲಿಲ್ಲ. ವಿಶಾಲಮ್ಮನವರ ಹದಿನೆಂಟು ವರ್ಷದ ಹೆಸರನ್ನು ಎಂಟು ಹುಡುಗರ ಕಾಲಿಗೆ ಕಟ್ಟಿದಂತಾಯಿತು. ಆ ಹುಡುಗರಿಗೆ ಆಟ ಹೇಳಿಕೊಟ್ಟವರು ತನಗೆ ಆಟವೇ ಬರುವುದಿಲ್ಲವೆಂದು ಈಗಷ್ಟೇ ಒಪ್ಪಿಕೊಂಡಿದ್ದರು.

ಎರಡು ಗಂಟೆಗೆ ಊರೇ ಅಂಕಣದ ಸುತ್ತ ಸೇರಿತು. ಲತಾಮಣಿ ಕಾಂಪೌಂಡ್ ಹತ್ತಿ ಕೂತಳು. ಚನ್ನೇಶ್ ಅಂಗಡಿ ಮುಚ್ಚಿ ಬಂದ. ಬೀಗ ಹಾಕಿದ ಅಡುಗೆಮನೆಯ ಕಿಟಕಿಯಿಂದ ತುಪ್ಪದ ವಾಸನೆ ಎದ್ದು ಅಂಕಣದ ಮೇಲೆ ಬಂದು ನಿಂತಿತು. ಗಂಗಾಧರಯ್ಯನವರು ಕಂಬದ ಹಿಂದೆ ಹೋಗಿ, ಕಣ್ಣು ಮುಚ್ಚಿ, ನನ್ನ ರಟ್ಟೆ ಹಿಡಿದುಕೊಂಡರು.

"ಏನಾಯ್ತು ಹೇಳ್ರೀ ಚಿದಂಬರ."

"ಇನ್ನೂ ಶುರುವಾಗಿಲ್ಲ."

"ಈಗ?"

"ಅವರು ನಾಲ್ಕು ಹಾಕಿದ್ರು."

ರಟ್ಟೆಯ ಮೇಲಿನ ಹಿಡಿತ ಬಿಗಿಯಾಯಿತು. ಅವರ ಉಗುರಿನ ಗುರುತು ಎಂಟು ದಿನ ಇತ್ತು.

ನಂದಾದೀಪದ ಹುಡುಗರು ಹೊಟ್ಟೆ ಹಗುರಾಗಿದ್ದಾಗ ಏನು ಆಡುತ್ತಾರೆಂದು ನಮಗೆ ಆವತ್ತು ತಿಳಿಯಿತು. ಅರ್ಧ ಆಟಕ್ಕೆ ಹದಿನಾಲ್ಕಕ್ಕೆ ಆರು. ಷಡಕ್ಷರಪ್ಪನವರು ಉಮೇಶ್ ಕಡೆ ತಿರುಗಿ ಹುಬ್ಬೇರಿಸಿದರು. ಉಮೇಶ್ ಫೈಲು ಬಿಚ್ಚಿ ಏನೋ ಬರೆಯತೊಡಗಿದರು. ಜಗಲಿಯ ಮೇಲೆ ವಿಶಾಲಮ್ಮ ಒಬ್ಬರೇ ಕೂತಿದ್ದರು. ಆಟ ನೋಡುತ್ತಿರಲಿಲ್ಲ, ಬೀಗ ನೋಡುತ್ತಿದ್ದರು.

ಮೂರನೆಯ ಕ್ವಾರ್ಟರಿನಲ್ಲಿ ಏನೋ ಬದಲಾಯಿತು. ನಂದಾದೀಪದವರ ಕಾಲು ಭಾರವಾದವು. ಒಬ್ಬ ಚೆಂಡು ಬಿಟ್ಟು ಕಿಟಕಿಯ ಕಡೆ ಮೂಗು ತಿರುಗಿಸಿದ. ಇನ್ನೊಬ್ಬ ಗೆರೆಯಾಚೆ ಕುಕ್ಕರಿಸಿ, "ಸಾರ್, ತಲೆ ಸುತ್ತಾ ಐತೆ," ಎಂದ. ಬೆಳಗ್ಗೆ ಬೇಲೂರು ಬಿಟ್ಟಾಗ ತಿಂದ ಎರಡು ಇಡ್ಲಿ ಎಲ್ಲಿಯವರೆಗೆ ಬರುತ್ತದೆ? ನಮ್ಮ ಹುಡುಗರು ಮಾತ್ರ ಇದ್ದ ಹಾಗೇ ಇದ್ದರು. ಪಾಪ, ಅವರಿಗೇನು ಹೊಸದು? ಮೂರೂ ಪಂದ್ಯಕ್ಕೆ ಹೋಳಿಗೆ ಬಡಿಸಿ, ಮಜ್ಜಿಗೆ ಕುಡಿದು, ಹಸಿದ ಹೊಟ್ಟೆಯಲ್ಲೇ ಆಡಿದವರು ಅವರು. ಇವತ್ತು ಮಜ್ಜಿಗೆಯೂ ಇಲ್ಲ ಎನ್ನುವುದೊಂದೇ ವ್ಯತ್ಯಾಸ.

ಕೊನೆಯ ಕ್ಷಣಕ್ಕೆ ಹದಿನೇಳು, ಹದಿನೇಳು. ರಾಹುಲ್ ಹಾರಿದಾಗ ಅವರ ಹುಡುಗನೊಬ್ಬ ತಲೆ ಸುತ್ತಿ ಅವನ ಮೇಲೆ ಬಿದ್ದ. ಎರಡು ಫ್ರೀ ಥ್ರೋ.

"ಈಗ ಏನು?"

"ರಾಹುಲ್ ಹಾಕ್ತಿದಾನೆ. ಸುಮ್ನಿರಿ."

ಮೊದಲನೆಯದು ರಿಂಗಿಗೆ ಬಡಿದು ಆಚೆ ಹೋಯಿತು. ಗಂಗಾಧರಯ್ಯನವರು ಮನೆದೇವರಿಗೆ ಏನೇನೋ ಹರಕೆ ಹೊತ್ತರು. ರಾಹುಲ್ ಚೆಂಡು ಹಿಡಿದು ಒಮ್ಮೆ ಜಗಲಿಯ ಕಡೆ ನೋಡಿದ. ಆಮೇಲೆ ಹಾಕಿದ. ಚೆಂಡು ರಿಂಗಿನ ಮೇಲೆ ಎರಡು ಸುತ್ತು ತಿರುಗಿ ಒಳಗೆ ಬಿತ್ತು.

ಊರು ಕೂಗಿದ ಕೂಗಿಗೆ ಗಂಗಾಧರಯ್ಯನವರು ಸೋತೆವೆಂದುಕೊಂಡು ಕುಸಿದು ಕೂತರು. ಗೆದ್ದಿದ್ದೇವೆಂದು ನಂಬಿಸಲು ಹುಡುಗರು ಅವರನ್ನು ಎತ್ತಿಕೊಂಡು ಕುಣಿಯಬೇಕಾಯಿತು. ಉಮೇಶ್ ಜಗಲಿಗೆ ಬಂದು, ಚೀಟಿ ಹರಿದು, ಬೀಗ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಊಟದಲ್ಲಿ ಯಾವ ದೋಷವೂ ಇಲ್ಲ. ದೂರು ವಜಾ." ವಿಶಾಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದರು.

ಇಲ್ಲಿಗೆ ಮುಗಿಯಬೇಕಿತ್ತು. ಕಪ್ಪು ಮೇಜಿನ ಮೇಲೆ ಬಂತು, ಮಧುಕುಮಾರ್ ಕೂದಲು ಬಾಚಿಕೊಂಡರು. ಅಷ್ಟರಲ್ಲಿ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಷಡಕ್ಷರಪ್ಪ ಎದ್ದು ಬಂದು ಉಮೇಶ್ ಕೈಗೆ ಇನ್ನೊಂದು ಕಾಗದ ಕೊಟ್ಟರು.

"ಮತ್ತೇನ್ರೀ?"

"ಓದಿ ಸಾರ್."

ಉಮೇಶ್ ಗಟ್ಟಿಯಾಗಿ ಓದಿದರು: "ಆತಿಥೇಯರು ತಮ್ಮ ಆಟಗಾರರನ್ನು ಪ್ರತಿ ಪಂದ್ಯದಲ್ಲೂ ಉಪವಾಸದಲ್ಲಿ ಆಡಿಸಿ ಪಳಗಿಸಿದ್ದು, ಈ ದಿನ ನಮ್ಮ ಆಟಗಾರರಿಗೆ ಊಟ ಹಾಕದೆ ಹಸಿವಿನಿಂದ ಕೆಡವಿ ಗೆದ್ದಿದ್ದಾರೆ. ಈ ಪಂದ್ಯವನ್ನು ರದ್ದುಪಡಿಸಬೇಕು."

"ಹೋದ ಸಲ ಊಟ ಹಾಕಿದ್ದಕ್ಕೆ ದೂರು, ಈ ಸಲ ಹಾಕದ್ದಕ್ಕೆ ದೂರಾ?" ಉಮೇಶ್ ಕಿರುಚಿದರು. "ಊಟ ಬೇಡ ಅಂದೋನು ನಾನ್ರೀ!"

"ಹೇಳಿದ್ದು ನೀವೇ ಇರಬಹುದು ಸಾರ್. ಹಸಿದಿದ್ದು ನಮ್ಮ ಹುಡುಗರು. ಒಬ್ಬ ಇನ್ನೂ ಎದ್ದಿಲ್ಲ ನೋಡಿ."

ನಿಜವೇ. ಅವನು ಗೆರೆಯ ಮೇಲೆ ಅಂಗಾತ ಮಲಗಿದ್ದ. ಉಮೇಶ್ ಇದನ್ನು ಅಲ್ಲೇ ಮುಗಿಸಿಬಿಡುವ ಉಪಾಯ ಹುಡುಕಿದರು. "ಸರಿ, ಇದಕ್ಕೆ ಆತಿಥೇಯರ ಕಡೆಯವರೊಬ್ರು ಸಾಕ್ಷಿ ಸಹಿ ಹಾಕ್ಬೇಕು. ಹಾಕಿಸಿ, ಪಂದ್ಯ ರದ್ದು ಮಾಡ್ತೀನಿ. ಯಾರು ಹಾಕ್ತೀರಿ?" ಎಂದು ಸುತ್ತ ನೋಡಿ ನಕ್ಕರು. ಯಾರು ಹಾಕುತ್ತಾರೆ? ನಾವೂ ನಕ್ಕೆವು.

"ಕೊಡಿ ಇಲ್ಲಿ," ಎಂದರು ವಿಶಾಲಮ್ಮ.

ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಕಪ್ಪಿನ ಪಕ್ಕದಲ್ಲಿಟ್ಟು ಕೈ ಒರೆಸಿಕೊಂಡರು.

"ವಿಶಾಲೂ, ಸಹಿ ಹಾಕಿದ್ರೆ ಕಪ್ಪು ಹೋಗುತ್ತೆ ಕಣೇ," ಎಂದರು ಗಂಗಾಧರಯ್ಯ. ಅವರ ಮುಖ ನೋಡಲಾಗುತ್ತಿರಲಿಲ್ಲ.

"ಹೋಗ್ಲಿ ಬಿಡಿ. ಅವ್ರ ಮೊದಲ್ನೇ ಕಾಗದ ಸುಳ್ಳು. ಅದಕ್ಕೆ ಎಷ್ಟು ದಿನ ಅತ್ತಿದೀನಿ ನಿಮಗೇ ಗೊತ್ತು. ಇದು ಸುಳ್ಳಾ? ಒಳಗೆ ನೂರಿಪ್ಪತ್ತು ಹೋಳಿಗೆ ಇಟ್ಕಂಡು, ನಮ್ಮನೆ ಬಾಗ್ಲಲ್ಲಿ ಮಕ್ಳು ಹಸ್ಕಂಡು ಬಿದ್ವು. ಸುಳ್ಳಿಗೆ ಅತ್ತೋಳು ನಿಜಕ್ಕೆ ಸಹಿ ಹಾಕ್ದಿದ್ರೆ ಹೆಂಗ್ರೀ?"

ಅವರು ಪೆನ್ನು ಇಸಿದುಕೊಂಡು, ದಾಸೋಹದ ಸಾಮಾನಿನ ಪಟ್ಟಿ ಬರೆಯುವ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದರು. ಗಂಗಾಧರಯ್ಯನವರು ಕಪ್ಪನ್ನು ಒಮ್ಮೆ ನೋಡಿದರು, ಹೆಂಡತಿಯನ್ನು ಒಮ್ಮೆ ನೋಡಿದರು. "ನಾನು ಎಲ್ಲಿ ಹಾಕ್ಲಿ?" ಎಂದು ಕೇಳಿ ಆಕೆಯ ಹೆಸರಿನ ಕೆಳಗೆ ತಮ್ಮದೂ ಹಾಕಿದರು. ಉಮೇಶ್ ಕಪ್ಪನ್ನು ವಾಪಸು ಕಾರಿನಲ್ಲಿಟ್ಟರು. ಆ ಕಪ್ಪು ಆ ವರ್ಷ ಯಾರಿಗೂ ಹೋಗಲಿಲ್ಲ. ಹುಡುಗರಲ್ಲಿ ಸುನಿಲ ಅತ್ತ. ನಾನೂ ಸ್ವಲ್ಪ ಅತ್ತೆನೆಂದು ಮಧುಕುಮಾರ್ ಹೇಳುತ್ತಾರೆ.

ಆಮೇಲೆ ಎಲೆ ಬಿತ್ತು. ರಾಹುಲ್ ಅಭ್ಯಾಸಬಲದಿಂದ ಪಲ್ಯದ ಪಾತ್ರೆ ಎತ್ತಿಕೊಂಡ. ವಿಶಾಲಮ್ಮ ಅದನ್ನು ಕಸಿದು ಗಂಡನ ಕೈಗೆ ಕೊಟ್ಟು, "ಇವತ್ತು ನೀನೂ ಹಸಿದಿದೀಯ, ಕೂತ್ಕೋ ಮಗ," ಎಂದರು. ಎರಡೂ ತಂಡ ಒಂದೇ ಸಾಲಿನಲ್ಲಿ ಕೂತವು, ಕೊನೆಯಲ್ಲಿ ಷಡಕ್ಷರಪ್ಪ. ಗಂಗಾಧರಯ್ಯನವರು ಪಲ್ಯವನ್ನು ಎಲೆಗೆ ಅರ್ಧ ನೆಲಕ್ಕೆ ಅರ್ಧ ಬಡಿಸಿದರು. ನಾನು ಮೊದಲ ಬಾರಿಗೆ ಮನೆಯವನಾಗಿ ನಿಂತು ತುಪ್ಪ ಹಾಕಿದೆ. ಹಸಿದವರ ನಡುವೆ ತುಪ್ಪದ ಗಿಂಡಿ ಹಿಡಿದು ನಿಲ್ಲುವ ಕಷ್ಟ ನಮ್ಮ ಹುಡುಗರು ಮೂರು ಸಲ ಪಟ್ಟಿದ್ದಾರೆಂದು ಆಗ ಅರ್ಥವಾಯಿತು.

ಕೊನೆಗೆ ವಿಶಾಲಮ್ಮ ಪಾಯಸದ ಪಾತ್ರೆ ಹಿಡಿದು ಷಡಕ್ಷರಪ್ಪನವರ ಎದುರು ನಿಂತರು. ಸಾಲಿನಲ್ಲಿ ಎಲ್ಲರ ಕೈ ನಿಂತಿತು.

"ಗಸಗಸೇದು," ಎಂದರು. "ಹಾಕ್ಲಾ?"

ಷಡಕ್ಷರಪ್ಪನವರು ತಲೆ ಎತ್ತಲಿಲ್ಲ. ಲೋಟವನ್ನು ಮುಂದಕ್ಕೆ ಸರಿಸಿದರು. "ಹಾಕಮ್ಮ," ಎಂದರು. "ಮಠದಲ್ಲಿ ಆ ಮಾತು ಆಡಿದೋನು ನಾನೇ. ನಾಳೆ ನಾನೇ ಹೋಗಿ, ತಪ್ಪಾಯ್ತು ಅಂತ ಹೇಳ್ತೀನಿ."

ವಿಶಾಲಮ್ಮ ಲೋಟ ತುಂಬ ಹಾಕಿದರು. ಷಡಕ್ಷರಪ್ಪನವರು ಕುಡಿಯುವ ತನಕ ಅಲ್ಲೇ ನಿಂತಿದ್ದು, ಕೇಳದೆಯೇ ಇನ್ನೊಂದು ಸೌಟು ಹಾಕಿದರು.